ಪ್ಯಾಟರ್ನ್ ಬೇರೆ, ಎರಕ ಬೇರೆ: ಸಾಫ್ಟ್‌ವೇರ್ ಕೆಲಸ ಮತ್ತು ಅಸೆಂಬ್ಲಿ ಲೈನ್ ಕುರಿತು ಒಂದು ಟಿಪ್ಪಣಿ

ಬೆಳಗಾವಿಯ ಕ್ಯಾಂಪ್ ಕಡೆಯಿಂದ ಖಾನಾಪುರ ರಸ್ತೆ ಹಿಡಿದು ಹೊರಟರೆ ಮೂರನೇ ರೈಲ್ವೆ ಗೇಟು ದಾಟಿದ ಮೇಲೆ ಉದ್ಯಮಬಾಗ ಸಿಗುತ್ತದೆ. ಫೌಂಡ್ರಿಗಳು, ಮಷಿನ್ ಶಾಪ್‌ಗಳು, ಹೈಡ್ರಾಲಿಕ್ ಪಂಪು, ವಾಲ್ವು ಮಾಡುವವರು, ಇವರೆಲ್ಲರ ನಡುವೆ 1979ರಲ್ಲಿ ಶುರುವಾದ ಗೋಗಟೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಪೀರನವಾಡಿ ದಾಟಿ ಇನ್ನೂ ಮುಂದೆ ಹೋದರೆ ಮಚ್ಛೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನ ಸಂಗಮ ಆವರಣ ಇರುವುದು ಅಲ್ಲಿ. 1998ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಿಂದಲೇ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳಿಗೆ ಪಠ್ಯಕ್ರಮ ಹೋಗುತ್ತದೆ. ಕಬ್ಬಿಣ ಕರಗಿಸಿ ಎರಕ ಹೊಯ್ಯುವವರೂ ಕೋಡ್ ಬರೆಯುವವರ ಪಠ್ಯ ನಿಗದಿ ಮಾಡುವವರೂ ಹೀಗೆ ಒಂದೇ ರಸ್ತೆಯ ಅಕ್ಕಪಕ್ಕದವರು. ಆದರೆ ಸಾಫ್ಟ್‌ವೇರ್ ಕೆಲಸವನ್ನು ಅಸೆಂಬ್ಲಿ ಲೈನ್‌ನಂತೆ ನಡೆಸಬೇಕೆ ಬೇಡವೆ ಎಂಬ ವಾದ ನಡೆದಾಗಲೆಲ್ಲ ಎರಡೂ ಕಡೆಯವರು ಡೆಟ್ರಾಯಿಟ್‌ನ ಉದಾಹರಣೆಯನ್ನೇ ಹಿಡಿಯುತ್ತಾರೆ. ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಹೇಗೆ ಹಂಚಿಕೆಯಾಗಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಈ ಟಿಪ್ಪಣಿ ಅದನ್ನು ಸಾಕ್ಷ್ಯವಾಗಿ ಇಟ್ಟುಕೊಂಡು ಹಳೆಯ ವಾದವನ್ನು ಇನ್ನೊಮ್ಮೆ ನೋಡುತ್ತದೆ.

ಡೆಟ್ರಾಯಿಟ್‌ನದನ್ನು ಮೊದಲು ಚುಟುಕಾಗಿ ಮುಗಿಸೋಣ. ಹೆನ್ರಿ ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಲೈನ್ ಬಂದಿತು. ಅದಕ್ಕೆ ಮೊದಲು ಒಂದು ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. ಮರುವರ್ಷದ ಹೊತ್ತಿಗೆ ಅದು 93 ನಿಮಿಷಕ್ಕೆ ಇಳಿಯಿತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ 1913ರಲ್ಲಿ ಆ ಕಾರ್ಖಾನೆಯಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ. 370 ಇತ್ತು, ಅಂದರೆ ನೂರು ಜಾಗ ತುಂಬಿಡಲು ವರ್ಷಕ್ಕೆ ಹತ್ತಿರಹತ್ತಿರ ನಾನೂರು ಮಂದಿಯನ್ನು ಸೇರಿಸಿಕೊಳ್ಳಬೇಕಾಗಿತ್ತು ಎಂಬ ಅಂಕಿಯನ್ನು ಉಲ್ಲೇಖಿಸುವವರು ಕಡಿಮೆ. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಐಟಿ ಕಂಪನಿಗಳು ತ್ರೈಮಾಸಿಕ ವರದಿಯಲ್ಲಿ ‘ಅಟ್ರಿಷನ್’ ಎಂಬ ಒಂದು ಸಾಲನ್ನು ತಪ್ಪದೆ ಏಕೆ ಕೊಡುತ್ತವೆ ಎಂದು ಯೋಚಿಸುವವರಿಗೆ ಈ ಎರಡನೇ ಅಂಕಿಯೇ ಹೆಚ್ಚು ಉಪಯುಕ್ತ.

ಸಾಫ್ಟ್‌ವೇರ್‌ಗೆ ಕಾರ್ಖಾನೆಯ ಕಲ್ಪನೆ ಬಂದದ್ದು 1968ರ ಸುಮಾರಿಗೆ. ಆ ವರ್ಷದ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೊ ಪ್ರಾಯೋಜಿಸಿದ ಸಮ್ಮೇಳನದಲ್ಲಿ ಡಗ್ಲಸ್ ಮ್ಯಾಕ್‌ಇಲ್ರಾಯ್, ನಟ್ಟು ಬೋಲ್ಟಿನಂತೆ ಸಾಫ್ಟ್‌ವೇರ್ ಬಿಡಿಭಾಗಗಳನ್ನೂ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರಬೇಕೆಂದು ವಾದಿಸಿದ. ಮರುವರ್ಷವೇ ಜಪಾನಿನ ಹಿಟಾಚಿ ಕಂಪನಿ ‘ಸಾಫ್ಟ್‌ವೇರ್ ವರ್ಕ್ಸ್’ ಎಂದು ಹೆಸರಿಟ್ಟು ನಿಜವಾಗಿಯೂ ಒಂದು ಕಾರ್ಖಾನೆ ತೆರೆಯಿತು. ಎಪ್ಪತ್ತರ ದಶಕದ ನಡುವೆ ಅಮೆರಿಕದ ಸಿಸ್ಟಮ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ‘ಸಾಫ್ಟ್‌ವೇರ್ ಫ್ಯಾಕ್ಟರಿ’ ನಡೆಸಿ ನೋಡಿತು. ಈ ಎರಡರ ಚರಿತ್ರೆಯನ್ನೂ ಮೈಕೆಲ್ ಕುಸುಮಾನೊ 1991ರ ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ಅಮೆರಿಕದ ಪ್ರಯತ್ನ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಗ್ರಾಹಕರ ಬೇಡಿಕೆಯನ್ನು ಬರೆದುಕೊಳ್ಳುವವರು ಒಂದು ಕಡೆ, ಅದನ್ನು ಪ್ರೋಗ್ರಾಮ್ ಮಾಡುವವರು ಸಾಂಟಾ ಮೋನಿಕಾದ ಕಾರ್ಖಾನೆಯಲ್ಲಿ ಎಂದು ಕೆಲಸ ಒಡೆದಿದ್ದರು. ಯೋಜನೆಯ ಮ್ಯಾನೇಜರ್‌ಗಳಿಗೆ ಆ ಒಡಕು ಒಗ್ಗಲಿಲ್ಲ, ತಮ್ಮ ತಮ್ಮ ತಂಡ ಕಟ್ಟಿಕೊಂಡೇ ಕೆಲಸ ಮಾಡಿಸಿದರು. ಕಾರ್ಖಾನೆಗೆ ಬರಬೇಕಾದ ಕೆಲಸ ಬರಲಿಲ್ಲ. ಹಿಟಾಚಿ ಉಳಿಯಿತು. ಆದರೆ ಅಲ್ಲಿಯೂ ಮೊದಲು ಅಂದುಕೊಂಡಿದ್ದ ಬಿಡಿಭಾಗಗಳ ಭಂಡಾರ ಕೈಹಿಡಿಯಲಿಲ್ಲ. ಕೈಹಿಡಿದದ್ದು ಶಿಸ್ತು: ಅಂದಾಜು, ಪರೀಕ್ಷೆ, ದಾಖಲೆ ಇವುಗಳ ಕ್ರಮ. ಗಡುವು ತಪ್ಪುವ ಯೋಜನೆಗಳು ಗಮನಾರ್ಹವಾಗಿ ಇಳಿದವು. ಕಾರ್ಖಾನೆ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತಿವೆ ಎಂಬುದಕ್ಕೆ ಇದು ಮೊದಲ ಸುಳಿವು.

ಇನ್ನು ಉದ್ಯಮಬಾಗಕ್ಕೆ. ಬೀಡು ಕಬ್ಬಿಣದ ಒಂದು ಪಂಪ್ ಬಾಡಿ ಮಾಡಬೇಕೆನ್ನಿ, ಉದ್ದ 300 ಮಿ.ಮೀ. ಗ್ರಾಹಕ ಕೊಟ್ಟ ಡ್ರಾಯಿಂಗ್ ಮೊದಲು ಹೋಗುವುದು ಪ್ಯಾಟರ್ನ್ ಶಾಪ್‌ಗೆ. ಪ್ಯಾಟರ್ನ್ ಮೇಕರ್ ಮರದಲ್ಲೋ ಅಲ್ಯೂಮಿನಿಯಮ್‌ನಲ್ಲೋ ಅದರ ರೂಪ ಕಡೆಯಬೇಕು, ಆದರೆ ಡ್ರಾಯಿಂಗ್‌ನಲ್ಲಿರುವ ಅಳತೆಗೆ ಕಡೆದರೆ ಕೆಲಸ ಕೆಟ್ಟಿತು. ಬೀಡು ಆರುವಾಗ ಸುಮಾರು ಶೇ. 1ರಷ್ಟು ಕುಗ್ಗುತ್ತದೆ, ಆದ್ದರಿಂದ ಪ್ಯಾಟರ್ನ್ 303 ಮಿ.ಮೀ. ಹತ್ತಿರ ಇರಬೇಕು. ಅದಕ್ಕೆಂದೇ ಅವನ ಬಳಿ ಕುಗ್ಗುವಿಕೆಯನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಸ್ಕೇಲ್ ಇರುತ್ತದೆ. ಮುಂದೆ ಮಷಿನಿಂಗ್ ಆಗುವ ಮುಖಗಳಿಗೆ ಒಂದೆರಡು ಮಿ.ಮೀ. ಹೆಚ್ಚು ದಪ್ಪ ಬಿಡಬೇಕು. ಮರಳಿನಿಂದ ಪ್ಯಾಟರ್ನ್ ಎತ್ತುವಾಗ ಅಚ್ಚಿನ ಅಂಚು ಉದುರಬಾರದೆಂದು ಪಕ್ಕಗಳಿಗೆ ಒಂದಿಷ್ಟು ಇಳಿಜಾರು ಕೊಡಬೇಕು. ಅಚ್ಚನ್ನು ಎಲ್ಲಿ ಎರಡು ಭಾಗ ಮಾಡುವುದು, ಒಳಗಿನ ಟೊಳ್ಳಿಗೆ ಕೋರ್ ಎಲ್ಲಿ ಕೂಡಿಸುವುದು, ಕೊನೆಗೆ ಆರುವ ದಪ್ಪ ಭಾಗಕ್ಕೆ ಲೋಹ ಉಣಿಸಲು ರೈಸರ್ ಎಲ್ಲಿಡುವುದು, ಇವೆಲ್ಲ ಡ್ರಾಯಿಂಗ್‌ನಲ್ಲಿ ಬರೆದಿರುವುದಿಲ್ಲ. ಹೊಯ್ದು ನೋಡಿ, ಒಂದೆರಡು ಸ್ಯಾಂಪಲ್ ಎರಕವನ್ನು ಕೊಯ್ದು ಒಳಗೆ ಗಾಳಿಗುಳ್ಳೆ, ಟೊಳ್ಳು ಇದೆಯೇ ಎಂದು ಪರೀಕ್ಷಿಸಿ, ಪ್ಯಾಟರ್ನ್ ತಿದ್ದಿ, ಮತ್ತೆ ಹೊಯ್ಯುತ್ತಾರೆ. ಗ್ರಾಹಕ ಒಪ್ಪಿದ ಮೇಲೆಯೇ ಅದು ಮೋಲ್ಡಿಂಗ್ ಲೈನ್‌ಗೆ ಹೋಗುತ್ತದೆ. ಅಲ್ಲಿಂದ ಮುಂದಿನದು ಬೇರೆ ಲೋಕ. ಪಾಳಿಗೆ ಎಷ್ಟು ಅಚ್ಚು, ರಿಜೆಕ್ಷನ್ ಎಷ್ಟು, ಮರಳಿನ ತೇವ ಎಷ್ಟು, ಎಲ್ಲಕ್ಕೂ ಲೆಕ್ಕವಿದೆ. ಒಂದು ಅಚ್ಚಿಗೂ ಮುಂದಿನ ಅಚ್ಚಿಗೂ ವ್ಯತ್ಯಾಸ ಬಂದರೆ ಅದು ದೋಷ.

ಪ್ಯಾಟರ್ನ್ ಶಾಪ್‌ನಲ್ಲಿ ಲೈನ್ ಇಲ್ಲ. ಲೈನಿನ ಶಿಸ್ತನ್ನು ಇಡೀ ಫೌಂಡ್ರಿಗೆ ಹೇರುವ ಮಾಲೀಕ ಕೂಡ ಗಂಟೆಗೆ ಇಷ್ಟು ಪ್ಯಾಟರ್ನ್ ಎಂದು ಗುರಿ ಇಡುವುದಿಲ್ಲ, ಏಕೆಂದರೆ ಒಂದು ಪ್ಯಾಟರ್ನ್‌ನಂತೆ ಇನ್ನೊಂದು ಇರುವುದಿಲ್ಲ. ಎರಡು ಒಂದೇ ತರಹ ಇದ್ದರೆ ಎರಡನೆಯದನ್ನು ಮಾಡುವ ಅಗತ್ಯವೇ ಇಲ್ಲ.

ಸಾಫ್ಟ್‌ವೇರ್‌ನಲ್ಲಿ ಮೋಲ್ಡಿಂಗ್ ಲೈನ್ ಯಾವುದು? 1992ರಲ್ಲಿ ಜ್ಯಾಕ್ ರೀವ್ಸ್ ಎಂಬ ಪ್ರೋಗ್ರಾಮರ್ ಒಂದು ಲೇಖನದಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಇಂದಿಗೂ ಸರಿಯೆನಿಸುತ್ತದೆ. ಸೋರ್ಸ್ ಕೋಡ್ ಎಂದರೆ ವಿನ್ಯಾಸ. ಅದನ್ನು ಕಂಪೈಲ್ ಮಾಡಿ ಓಡುವ ಪ್ರೋಗ್ರಾಮ್ ತಯಾರಿಸುವುದೇ ಉತ್ಪಾದನೆ, ಮತ್ತು ಆ ಉತ್ಪಾದನೆಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಈಗಿನ ಕಂಪನಿಗಳಲ್ಲಿ ಕೋಡ್ ಸೇರಿಸಿದೊಡನೆ ತಾನಾಗಿಯೇ ಬಿಲ್ಡ್ ಆಗಿ, ಪರೀಕ್ಷೆಗಳು ಓಡಿ, ಸರ್ವರ್‌ಗೆ ಹೋಗುವ ವ್ಯವಸ್ಥೆ ಇರುತ್ತದೆ. ಅದಕ್ಕೆ ಅವರೇ ‘ಪೈಪ್‌ಲೈನ್’ ಎನ್ನುತ್ತಾರೆ. ಅಸೆಂಬ್ಲಿ ಲೈನ್ ಬೇಕೆನ್ನುವವರು ಗಮನಿಸಬೇಕಾದದ್ದು ಇಷ್ಟು: ಅದು ಬಂದಾಗಿದೆ, ಅದರಲ್ಲಿ ಮನುಷ್ಯ ನಿಲ್ಲುವ ಜಾಗವೇ ಉಳಿದಿಲ್ಲ. ಬಾಕಿ ಉಳಿದ ಕೆಲಸವೆಲ್ಲ ಪ್ಯಾಟರ್ನ್ ಶಾಪ್‌ನದು.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಭಾರತದ ಐಟಿ ಉದ್ದಿಮೆ ಬೆಳೆದದ್ದರಲ್ಲಿ ಲೈನಿನ ಪಾಲು ದೊಡ್ಡದು. ವೈಟುಕೆ ಕೆಲಸವನ್ನೇ ನೋಡಿ. ಹಳೆಯ ಕೋಬಾಲ್ ಪ್ರೋಗ್ರಾಮ್‌ಗಳಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 2000 ಬಂದರೆ ಅದು ‘00’ ಆಗಿ 1900 ಎಂದೇ ಓದಿಕೊಳ್ಳುತ್ತದೆ. ಲಕ್ಷಾಂತರ ಸಾಲು ಕೋಡಿನಲ್ಲಿ ತಾರೀಖು ಎಲ್ಲೆಲ್ಲಿದೆ ಹುಡುಕು, ತಿದ್ದು, ಪರೀಕ್ಷಿಸು, ಮುಂದಿನವರಿಗೆ ಕೊಡು. ಬೆಂಗಳೂರು, ಪುಣೆ, ಚೆನ್ನೈಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ಇದನ್ನು ಲೈನ್ ಹಾಕಿಯೇ ಮಾಡಿದರು, ಚೆನ್ನಾಗಿಯೇ ಮಾಡಿದರು. ಸರಿಯಾದ ಉತ್ತರ ಹೇಗಿರಬೇಕೆಂಬುದು ಕೆಲಸ ಶುರುವಾಗುವ ಮೊದಲೇ ಗೊತ್ತಿತ್ತು, ಮುಂದಿನ ಕಡತಕ್ಕೂ ಅದೇ ಉತ್ತರ ಅನ್ವಯಿಸುತ್ತಿತ್ತು. ಹಾಗಿದ್ದಲ್ಲಿ ಲೈನ್ ಕೆಲಸ ಮಾಡುತ್ತದೆ. ಒಂದು ಸಣ್ಣ ವಿವರ ಮಾತ್ರ ಸೇರಿಸಬೇಕು. ಜಾಗ ಉಳಿಸಲು ಅನೇಕರು ನಾಲ್ಕು ಅಂಕಿಗೆ ಹಿಗ್ಗಿಸುವ ಬದಲು ಒಂದು ಗಡಿ ವರ್ಷ ಇಟ್ಟುಕೊಂಡರು: 50ಕ್ಕಿಂತ ಕೆಳಗಿದ್ದರೆ 2000ದ ಶತಮಾನ, ಮೇಲಿದ್ದರೆ 1900ರದು. ಸರಕಿನ ಲೆಕ್ಕಕ್ಕೆ ಇದು ಸರಿ. ವಿಮೆ ಕಂಪನಿಯ ಕಡತದಲ್ಲಿ 1932ರಲ್ಲಿ ಹುಟ್ಟಿದ ಅಜ್ಜ 2032ರಲ್ಲಿ ಹುಟ್ಟಲಿರುವ ಮಗುವಾಗಿಬಿಡುತ್ತಾನೆ. ಗಡಿ ಎಲ್ಲಿಡಬೇಕೆಂದು ತೀರ್ಮಾನಿಸಲು ಆ ವ್ಯವಹಾರ ತಿಳಿದವನೇ ಬೇಕು. ಲೈನ್ ಓಡುವ ಕಡೆಯಲ್ಲೂ ಪ್ಯಾಟರ್ನ್ ಮಾಡಿದವನೊಬ್ಬ ಇರುತ್ತಾನೆ.

ತೊಂಬತ್ತರ ದಶಕದ ಕೊನೆಗೆ ವಿಪ್ರೊ, ಇನ್ಫೋಸಿಸ್‌ಗಳು ಪಡೆದ ಸಿಎಂಎಂ (ಕೇಪಬಿಲಿಟಿ ಮೆಚ್ಯೂರಿಟಿ ಮಾಡೆಲ್) ಐದನೇ ಹಂತದ ಮಾನ್ಯತೆಯೂ ಲೈನಿನ ಮೇಲಿನ ಇದೇ ನಂಬಿಕೆಯ ಮುಂದುವರಿಕೆ. ವಾಟ್ಸ್ ಹಂಫ್ರಿಯ ತಂಡ ಕಾರ್ನೆಗಿ ಮೆಲನ್‌ನಲ್ಲಿ ರೂಪಿಸಿದ ಆ ಮಾದರಿಯ ತಿರುಳು: ಪ್ರಕ್ರಿಯೆ ಹಿಡಿತದಲ್ಲಿದ್ದರೆ ಫಲಿತ ಹಿಡಿತಕ್ಕೆ ಬರುತ್ತದೆ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುವ ಹುಮ್ಮಸ್ಸಿನ ಬಗ್ಗೆ ನಗಬಹುದು. ಆದರೆ ಸಾಗರದಾಚೆಯ ಗ್ರಾಹಕನಿಗೆ ಪರಿಚಯವೇ ಇಲ್ಲದ ಕಂಪನಿಯನ್ನು ನಂಬಲು ಅದು ಒಂದು ಆಧಾರವಾಯಿತು ಎಂಬುದನ್ನು ಮರೆಯಬಾರದು.

ಪ್ರೋಗ್ರಾಮರ್‌ಗಳ ನಡುವಿನ ವ್ಯತ್ಯಾಸದ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಲಾರೆ. 1968ರಲ್ಲಿ ಸ್ಯಾಕ್‌ಮನ್ ಮತ್ತು ಸಂಗಡಿಗರು ಒಂದೇ ಸಮಸ್ಯೆ ಬಿಡಿಸಲು ಅನುಭವಸ್ಥ ಪ್ರೋಗ್ರಾಮರ್‌ಗಳು ತೆಗೆದುಕೊಂಡ ಸಮಯದಲ್ಲಿ ಇಪ್ಪತ್ತು ಪಟ್ಟಿಗೂ ಮಿಕ್ಕ ಅಂತರ ಕಂಡರು. ಆ ಪ್ರಯೋಗದಲ್ಲಿ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆ ಬಳಸಿದವರು ಕಲೆತಿದ್ದರೆಂಬ ಟೀಕೆ ಸರಿಯಾದದ್ದೇ, ಅಷ್ಟು ದೊಡ್ಡ ಅಂಕಿಯನ್ನು ಹಾಗೆಯೇ ಎತ್ತಿ ಹೇಳಬಾರದು. ಅಂತರ ಅದರ ಕಾಲುಭಾಗವಿದ್ದರೂ ಲೈನ್ ಸಮತೋಲಕ್ಕೆ ಬರುವುದಿಲ್ಲ. ಐಬಿಎಂನ ಓಎಸ್/360 ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ ಮಾತು, ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು, ಈಗ ಗಾದೆಯಂತಾಗಿಬಿಟ್ಟಿದೆ. ಗಾದೆಯಾದ ಮೇಲೆ ಯಾರೂ ಅದನ್ನು ಪಾಲಿಸುತ್ತಿಲ್ಲ.

ಇದಕ್ಕಿಂತ ಆಳವಾದ ಸಾಕ್ಷ್ಯ ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಬರೆದ ಪ್ರಬಂಧದಲ್ಲಿದೆ. ಒಂದು ತಂಡ ಕಂಪೈಲರ್ ಒಂದನ್ನು ಕಟ್ಟಿತು. ಇನ್ನೊಂದು ತಂಡ ಅದನ್ನು ಹೊಸ ಯಂತ್ರಕ್ಕೆ, ಸ್ವಲ್ಪ ವಿಸ್ತರಿಸಿದ ಭಾಷೆಗೆ ಹೊಂದಿಸಬೇಕಾಗಿತ್ತು. ಎರಡನೆಯವರ ಕೈಯಲ್ಲಿ ಪೂರ್ತಿ ಕೋಡ್ ಇತ್ತು, ದಾಖಲೆ ಇತ್ತು, ಮೊದಲಿನವರ ಸಲಹೆ ಕೇಳುವ ಒಪ್ಪಂದವೂ ಇತ್ತು. ಆದರೂ ಅವರು ಸೂಚಿಸಿದ ಬದಲಾವಣೆಗಳು ಕಂಪೈಲರಿನ ಮೂಲ ರಚನೆಯಲ್ಲೇ ಇದ್ದ ಅನುಕೂಲವನ್ನು ಬಳಸದೆ ಮೇಲೆ ತೇಪೆ ಹಚ್ಚುವಂತಿದ್ದವು. ಮೊದಲಿನವರು ನೋಡಿದೊಡನೆ ಅದನ್ನು ಗುರುತಿಸಿ, ಅದೇ ರಚನೆಯೊಳಗೆ ಸರಳ ಪರಿಹಾರ ತೋರಿಸಿಕೊಟ್ಟರು. ಮುಂದೆ ಅವರ ಸಲಹೆ ಸಿಗದ ವರ್ಷಗಳಲ್ಲಿ ಆ ರಚನೆ ತೇಪೆಗಳ ಅಡಿ ಹೂತುಹೋಯಿತು. ನೌರ್ ತೆಗೆದ ತೀರ್ಮಾನ: ಪ್ರೋಗ್ರಾಮ್ ಏಕೆ ಹೀಗಿದೆ ಎಂಬ ತಿಳಿವಳಿಕೆ ಅದನ್ನು ಕಟ್ಟಿದವರ ತಲೆಯಲ್ಲಿರುತ್ತದೆ, ಕಾಗದಕ್ಕೆ ಪೂರ್ತಿಯಾಗಿ ಇಳಿಯುವುದಿಲ್ಲ. ನಮ್ಮ ಸರ್ವಿಸ್ ಕಂಪನಿಗಳಲ್ಲಿ ಕೆಲಸ ಬಿಡುವವನು ಬರುವವನಿಗೆ ಎರಡು ವಾರ ‘ಕೆಟಿ’ ಕೊಡುತ್ತಾನೆ, ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್. ಸ್ಲೈಡ್‌ಗಳು ತಯಾರಾಗುತ್ತವೆ, ಹಾಜರಾತಿ ಹಾಕಿಕೊಳ್ಳುತ್ತಾರೆ, ಮುಗಿಯಿತು ಎಂದು ಗುರುತು ಹಾಕುತ್ತಾರೆ. ಅಸೆಂಬ್ಲಿ ಲೈನ್‌ನ ಮೂಲ ಊಹೆ ಎಂದರೆ ಒಬ್ಬನ ಜಾಗಕ್ಕೆ ಇನ್ನೊಬ್ಬ ಬರಬಹುದು ಎಂಬುದು. ಕೆಟಿ ಎಂಬ ಆಚರಣೆ ಆ ಊಹೆಯ ಮೇಲೆಯೇ ನಿಂತಿದೆ. ನೌರ್‌ನ ಪ್ರಬಂಧ ಅಲುಗಾಡಿಸುವುದು ನೇರವಾಗಿ ಅದನ್ನೇ.

ಹಾಗಿದ್ದರೂ ಕಾರ್ಖಾನೆಯಿಂದ ಕಲಿಯುವುದು ಏನೂ ಇಲ್ಲ ಎನ್ನುವವರ ಪಕ್ಷಕ್ಕೂ ನಾನು ಸೇರುವುದಿಲ್ಲ. ಇಲ್ಲಿ ಕರ್ನಾಟಕದ್ದೇ ಒಂದು ಗಟ್ಟಿ ಪ್ರಯೋಗವಿದೆ. ವಿಪ್ರೊ 2004ರಲ್ಲಿ ಟೊಯೋಟಾದ ಉತ್ಪಾದನಾ ಪದ್ಧತಿಯ ತತ್ತ್ವಗಳನ್ನು ಸಾಫ್ಟ್‌ವೇರ್ ಯೋಜನೆಗಳಿಗೆ ಅನ್ವಯಿಸಲು ಹೊರಟಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಬ್ರ್ಯಾಡ್ಲಿ ಸ್ಟಾಟ್ಸ್, ಡೇವಿಡ್ ಅಪ್ಟನ್ ಮತ್ತಿತರರು ಅದನ್ನು ವರ್ಷಗಟ್ಟಲೆ ಹಿಂಬಾಲಿಸಿ, 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದೇ ಕಂಪನಿಯ ಉಳಿದ ಯೋಜನೆಗಳ ಜೊತೆ ಹೋಲಿಸಿದರು. ಹೆಚ್ಚಿನ ಅಳತೆಗಳಲ್ಲಿ ‘ಲೀನ್’ ಯೋಜನೆಗಳೇ ಮುಂದಿದ್ದವು. ವಿಪ್ರೊ ಟೊಯೋಟಾದಿಂದ ಏನನ್ನು ತೆಗೆದುಕೊಂಡಿತು ಎಂಬುದನ್ನು ಮಾತ್ರ ಎಚ್ಚರದಿಂದ ನೋಡಬೇಕು. ನಿಮಿಷಕ್ಕೆ ಇಷ್ಟು ಎಂಬ ವೇಗ ಅದರಲ್ಲಿ ಇರಲಿಲ್ಲ. ಕೆಲಸದ ಹರಿವನ್ನು ತಂಡದವರೆಲ್ಲ, ಕಿರಿಯರೂ ಸೇರಿ, ಗೋಡೆಯ ಮೇಲೆ ಚಿತ್ರಿಸುವುದು. ಯಾವ ಭಾಗ ಯಾವುದನ್ನು ಅವಲಂಬಿಸಿದೆ ಎಂದು ಕೋಷ್ಟಕ ಹಾಕಿ ಕೆಲಸದ ಕ್ರಮ ಬದಲಿಸುವುದು. ತಪ್ಪು ಕಂಡಾಗ ಕೈ ಖಾಲಿ ಇದ್ದ ಯಾರಿಗೋ ಕೊಡುವ ಬದಲು ಅದನ್ನು ಮಾಡಿದವನಿಗೇ, ತಕ್ಷಣವೇ ತಿದ್ದಲು ಕೊಡುವುದು. ಈ ಕೊನೆಯದು ಲೈನಿನ ತರ್ಕಕ್ಕೆ ತದ್ವಿರುದ್ಧ, ಏಕೆಂದರೆ ಮನುಷ್ಯರು ಬದಲಿ ಭಾಗಗಳಲ್ಲ ಎಂದು ಒಪ್ಪಿಕೊಂಡ ಹಾಗಾಯಿತು.

ಟೊಯೋಟಾದ ಪದ್ಧತಿಯ ಬೇರು ಕಾರಿನದೂ ಅಲ್ಲ, ಮಗ್ಗದ್ದು. ಸಕಿಚಿ ಟೊಯೋಡ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಮಗ್ಗ ಎಳೆ ತುಂಡಾದರೆ ತಾನಾಗಿಯೇ ನಿಲ್ಲುತ್ತಿತ್ತು. ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಸಾದಾ ಪವರ್‌ಲೂಮಿನಲ್ಲಿ ಹಾಸಿನ ಎಳೆಯೊಂದು ಹರಿದರೆ ಮಗ್ಗ ಓಡುತ್ತಲೇ ಇರುತ್ತದೆ, ನೇಕಾರನ ಕಣ್ಣಿಗೆ ಬೀಳುವಷ್ಟರಲ್ಲಿ ಸೀರೆಯಲ್ಲಿ ಗೆರೆ ಎದ್ದಿರುತ್ತದೆ. ಯಂತ್ರವೇ ನಿಂತರೆ ಒಬ್ಬ ನೇಕಾರ ಹಲವು ಮಗ್ಗ ನೋಡಿಕೊಳ್ಳಬಹುದು. ಮುಂದೆ ಟೊಯೋಟಾ ಕಾರ್ಖಾನೆಯಲ್ಲಿ ಅದೇ ತತ್ತ್ವ ಹಗ್ಗದ ರೂಪ ತಾಳಿತು: ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಇಡೀ ಲೈನನ್ನು ನಿಲ್ಲಿಸಬಹುದು. ಫೋರ್ಡ್‌ನ ಲೈನ್ ನಿಲ್ಲಬಾರದ ಲೈನ್, ಟೊಯೋಟಾದ್ದು ಕೆಲಸಗಾರನ ಮಾತಿಗೆ ನಿಲ್ಲುವ ಲೈನ್. ಸಾಫ್ಟ್‌ವೇರ್‌ಗೆ ಒದಗಿಬಂದದ್ದು ಎರಡನೆಯದು. ಒಂದು ಪರೀಕ್ಷೆ ವಿಫಲವಾದರೂ ಪೈಪ್‌ಲೈನ್ ಕೆಂಪಾಗಿ ನಿಲ್ಲುವುದು ಇದೇ ವಂಶದ ಪದ್ಧತಿ. (ಬೆಳಗಾವಿಯವರಿಗೆ ಇನ್ನೊಂದು ನಂಟೂ ಇದೆ. 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರ್, ಅಂಗಡಿಯ ಜಾಗ ಊರಿನ ಹೊಸ ಬಡಾವಣೆಗೆ ಹೋದಾಗ 1910ರಲ್ಲಿ ಔಂಧ ಸಂಸ್ಥಾನಕ್ಕೆ ಗುಳೆ ಹೋದರು. ಬಿಡದಿಯಲ್ಲಿ ಟೊಯೋಟಾ ಜೊತೆ ಸೇರಿಕೊಂಡದ್ದು ಆ ಮನೆತನದ ಉದ್ಯಮವೇ. ಅಂಗಡಿಯಿದ್ದ ರಸ್ತೆಗೆ ಈಗಲೂ ಅವರದೇ ಹೆಸರು.)

ಬೆಳಗಾವಿಯ ಸಿಎನ್‌ಸಿ ಶಾಪ್‌ಗಳಲ್ಲಿ ಈ ಎರಡು ಬಗೆಯ ಕೆಲಸ ಒಂದೇ ಸೂರಿನಡಿ ಕಾಣಸಿಗುತ್ತವೆ. ಉದ್ಯಮಬಾಗ, ಮಚ್ಛೆಯ ಶೆಡ್‌ಗಳಿಂದ ಹಿಡಿದು ವಿಮಾನದ ಭಾಗ ತಯಾರಾಗುವ ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದವರೆಗೆ ಕ್ರಮ ಒಂದೇ. ಪ್ರೋಗ್ರಾಮರ್ ಯಂತ್ರದ ಆದೇಶ ಬರೆಯುತ್ತಾನೆ. ಅದೂ ಸಾಫ್ಟ್‌ವೇರೇ. ಮೊದಲ ತುಂಡನ್ನು ಕೊಯ್ಯುವಾಗ ಒಂದೊಂದೇ ಸಾಲು ಓಡಿಸಿ, ಟೂಲ್ ಎಲ್ಲಿ ಇಳಿಯುತ್ತದೆಂದು ಕಣ್ಣಿಟ್ಟು, ಬೆರಳನ್ನು ನಿಲ್ಲಿಸುವ ಗುಂಡಿಯ ಮೇಲೆ ಇಟ್ಟುಕೊಂಡಿರುತ್ತಾರೆ. ಮೊದಲ ತುಂಡಿನ ಪ್ರತಿ ಅಳತೆಯೂ ವರದಿಯಾಗುತ್ತದೆ. ಒಪ್ಪಿಗೆ ಬಂದ ಮೇಲೆ ಅದೇ ಪ್ರೋಗ್ರಾಮ್ ಸಾವಿರ ತುಂಡು ಕೊಯ್ಯುತ್ತದೆ. ಪ್ರೋಗ್ರಾಮ್ ಬರೆದವನ ಗಂಟೆಯನ್ನೂ ಯಂತ್ರ ಓಡಿದ ಗಂಟೆಯನ್ನೂ ಒಂದೇ ಕಾಲಂನಲ್ಲಿ ಬರೆಯುವ ಶಾಪ್ ಬಹಳ ದಿನ ಬಾಳುವುದಿಲ್ಲ.

ಈಗ ಯಂತ್ರವೇ ಕೋಡ್ ಬರೆದುಕೊಡುತ್ತಿರುವುದರಿಂದ ವಾದಕ್ಕೆ ಮತ್ತೆ ಜೀವ ಬಂದಿದೆ. ಕೋಡ್ ಸುರಿಯುವ ವೇಗ ಹೆಚ್ಚಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಗಡಿ ವರ್ಷ 50 ಇರಬೇಕೋ 20 ಇರಬೇಕೋ ಎಂಬಂಥ ಪ್ರಶ್ನೆ ಹಾಗೆಯೇ ಉಳಿದಿದೆ, ಮತ್ತು ಬಂದದ್ದನ್ನು ಕೊಯ್ದು ಒಳಗೆ ನೋಡುವ ಕೆಲಸ ಹೆಚ್ಚಿದೆ. ಸ್ಯಾಂಪಲ್ ಕೊಯ್ಯದೆ ನೇರ ಲೈನ್‌ಗೆ ಹಾಕುವ ಆಸೆ ಎಲ್ಲ ಕಾಲದ ಮಾಲೀಕರಿಗೂ ಇದ್ದದ್ದೇ.

ಕೊನೆಯದಾಗಿ ಹಣದ ವಿಚಾರ. ಲೈನಿನ ಮನೋಭಾವ ಸಾಫ್ಟ್‌ವೇರ್‌ನಲ್ಲಿ ಇಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ತತ್ತ್ವಕ್ಕಿಂತ ಬಿಲ್ಲಿನ ರೀತಿಯೇ ಹೆಚ್ಚು ಕಾರಣವೆಂದು ನನ್ನ ಅಂದಾಜು. ಜಾಬ್ ಫೌಂಡ್ರಿಯ ಕೊಟೇಷನ್‌ನಲ್ಲಿ ಪ್ಯಾಟರ್ನ್‌ಗೆ ಇಷ್ಟು ಎಂದು ಒಂದೇ ಸಲದ ಮೊತ್ತ ಬೇರೆ ಇರುತ್ತದೆ, ಎರಕಕ್ಕೆ ಕಿಲೋಗೆ ಇಷ್ಟು ಎಂದು ದರ ಬೇರೆ ಇರುತ್ತದೆ. ಪ್ಯಾಟರ್ನ್‌ಗೆ ಹಣ ಕೊಟ್ಟ ಗ್ರಾಹಕ ಅದರ ಒಡೆಯ, ಬೇಕಾದರೆ ಬೇರೆ ಫೌಂಡ್ರಿಗೆ ಒಯ್ಯಬಹುದು. ಎರಡರಲ್ಲಿ ಯಾವುದು ತಡವಾಯಿತು, ಯಾವುದು ಕೆಟ್ಟಿತು ಎಂಬುದು ಇಬ್ಬರಿಗೂ ಗೊತ್ತಾಗುತ್ತದೆ. ಸಾಫ್ಟ್‌ವೇರ್ ಸೇವೆಯ ಒಪ್ಪಂದಗಳು ಬಹುಕಾಲ ನಡೆದುಬಂದದ್ದು ರೇಟ್ ಕಾರ್ಡ್ ಮೇಲೆ: ಇಷ್ಟು ವರ್ಷದ ಅನುಭವಕ್ಕೆ ಗಂಟೆಗೆ ಇಷ್ಟು, ಇಷ್ಟು ಜನ, ಇಷ್ಟು ತಿಂಗಳು. ಅದರಲ್ಲಿ ಮೂರು ದಿನ ಯೋಚಿಸಿ ನೂರು ಸಾಲು ಅಳಿಸಿಹಾಕಿದವನ ಗಂಟೆಗೂ ಹಳೆಯ ಪರದೆಯೊಂದನ್ನು ನಕಲು ಮಾಡಿ ಬಣ್ಣ ಬದಲಿಸಿದವನ ಗಂಟೆಗೂ ದರ ಒಂದೇ. ಹೀಗೆ ಬಿಲ್ ಮಾಡುವ ಕಂಪನಿಗೆ ತನ್ನಲ್ಲಿ ಎಷ್ಟು ಪ್ಯಾಟರ್ನ್ ಕೆಲಸ ನಡೆಯುತ್ತಿದೆ, ಎಷ್ಟು ಎರಕದ ಕೆಲಸ ನಡೆಯುತ್ತಿದೆ ಎಂದು ತಿಳಿದುಕೊಳ್ಳುವ ದಾರಿಯೇ ಇಲ್ಲ, ತಿಳಿದುಕೊಂಡರೆ ಲಾಭವೂ ಇಲ್ಲ. ಸಂಶೋಧನೆ ಮಾಡುವವರು ಪ್ರಕ್ರಿಯೆಯ ಕೈಪಿಡಿಗಳಿಗಿಂತ ಮೊದಲು ಈ ರೇಟ್ ಕಾರ್ಡ್‌ಗಳನ್ನು ಓದಬೇಕು.